ಸದ್ದಿನ ಜಾಡು ಹಿಡಿಯುವವರು

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು, ತಲೆಯ ಮೇಲೆ ಕಮಲವಾಗಿ ಅರಳಿ ತೂಗುವ ಕಲ್ಲಿನ ಒಳಛಾವಣಿಯನ್ನು, ಆ ಭುವನೇಶ್ವರಿಯನ್ನು ನೋಡುವಾಗಲೆಲ್ಲ, ಅದನ್ನು ಕಡೆದ ಕೈಗಳಿಗಿಂತ ಮೊದಲು ಆ ಕಲ್ಲನ್ನು ಆರಿಸಿದ ಕಿವಿಗಳು ನನ್ನ ನೆನಪಿಗೆ ಬರುತ್ತವೆ. ಉಳಿಯಿಡುವುದಕ್ಕೆ ಮುನ್ನ ಶಿಲೆಯನ್ನು ಮೆಲ್ಲನೆ ಬಡಿದು ಅದರ ನಾದವನ್ನು ಪರೀಕ್ಷಿಸಬೇಕೆಂದೂ, ಆ ನಾದಭೇದವನ್ನನುಸರಿಸಿ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆಗಳೆಂದು ವಿಂಗಡಿಸಬೇಕೆಂದೂ ಶಿಲ್ಪಶಾಸ್ತ್ರಗಳು ವಿಧಿಸಿವೆ. ಒಳಗೆ ಬಿರುಕುಳ್ಳ ಬಂಡೆ ಹೊರಗೆಷ್ಟೇ ನುಣುಪಾಗಿದ್ದರೂ ಮಂಕುದನಿಯಿಂದ ತನ್ನ ದೋಷವನ್ನು ತಾನೇ ಒಪ್ಪಿಕೊಂಡುಬಿಡುತ್ತದೆ. ಕಣ್ಣಿಗೆ ಕಾಣದ ಕೇಡನ್ನು ಕಿವಿಯಿಂದ ಕಾಣುವ ಈ ವಿದ್ಯೆ ಇದೇ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಅದರ ನೆಲೆ ಈಗ ಗುಡಿಯ ಕಲ್ಲುಚಪ್ಪಡಿಯ ಮೇಲಿಲ್ಲ. ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರುಗಳ ಬಸ್ ನಿಲ್ದಾಣದ ಬೆನ್ನಿಗೋ ಊರ ಹೊರಗಿನ ರಸ್ತೆಯಂಚಿಗೋ ತಗಡಿನ ಮಾಡನ್ನು ಹೊದ್ದು ಕುಳಿತ ಗ್ಯಾರೇಜುಗಳಲ್ಲಿದೆ.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ಹಾನಗಲ್ಲಿನದು ಮಲೆನಾಡಿನ ಸೆರಗು. ಮಳೆಗಾಲ ಕಳೆಯುವ ಹೊತ್ತಿಗೆ ಗದ್ದೆಬಯಲಿನ ನಡುವಿನ ಡಾಂಬರು ಅಲ್ಲಲ್ಲಿ ಕಿತ್ತು ಗುಂಡಿ ಬಿದ್ದಿರುತ್ತದೆ. ಸವಣೂರಿನ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಂಥದಾದ್ದರಿಂದ, ಅದರ ಮೇಲೆ ಹಾಸಿದ ರಸ್ತೆ ಗುಂಡಿ ಬೀಳದಿದ್ದರೂ ಅಲೆಯಲೆಯಾಗಿ ಏಳುತ್ತದೆ. ಶಿಗ್ಗಾಂವಿಯನ್ನು ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗುವುದರಿಂದ ಅಲ್ಲಿಯ ಮಿಸ್ತ್ರಿಗಳ ಕೈಗೆ ಲಾರಿಗಳ ಕಮಾನುಪಟ್ಟಿ ಹೆಚ್ಚು. ಹಿರೇಕೆರೂರಿನವರಿಗೆ ಗೋವಿನಜೋಳ ಹತ್ತಿಗಳ ಹೇರು ಹೊತ್ತ ಟ್ರ್ಯಾಕ್ಟರು, ಟಂಟಂಗಳದೇ ನಿತ್ಯದ ಕೆಲಸ. ಇಂಥ ನೆಲದಲ್ಲಿ ವಾಹನದ ಕೆಳಮೈ ಬಹುಬೇಗ ಸವೆಯುವುದು ಸಹಜವೇ. ಚಕ್ಕಡಿಯ ಕಾಲದಲ್ಲಿಯೂ ಗಾಲಿಯ ಸದ್ದು ಕೇಳಿಯೇ ಕೀಲೆಣ್ಣೆ ಬತ್ತಿದುದನ್ನು ಹೇಳುತ್ತಿದ್ದ ಹಿರಿಯರು ಇಲ್ಲಿದ್ದರು.

ಈ ವಿದ್ಯೆಯನ್ನು ನಾನು ಹತ್ತಿರದಿಂದ ಕಂಡದ್ದು ಮನೆಯದೇ ಒಂದು ಪ್ರಸಂಗದಿಂದ. ಹಾನಗಲ್ಲಿನಲ್ಲಿರುವ ನನ್ನ ಅಕ್ಕನ ಮಗನು ಕೈಗೆಲಸದಲ್ಲಿ ಆಸಕ್ತನು; ತನ್ನ ಹಳೆಯ ಕಾರಿನ ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳನ್ನೂ ಲಿಂಕ್ ರಾಡುಗಳನ್ನೂ ಮನೆಯಂಗಳದಲ್ಲಿ ತಾನೇ ಬದಲಿಸಿದನು. ಎರಡು ದಿನದ ಶ್ರಮ, ಸಾಮಾನೆಲ್ಲ ಹೊಸದು, ಕೆಲಸವೂ ಅಚ್ಚುಕಟ್ಟಾಗಿತ್ತು. ಆದರೆ ಅಕ್ಕಿಆಲೂರಿನ ದಾರಿಯ ಮೊದಲ ಗುಂಡಿಗೆ ಗಾಲಿ ಇಳಿದೊಡನೆ, ರಿಪೇರಿಗೆ ಮುಂಚೆ ಎಂದೂ ಇಲ್ಲದಿದ್ದ ‘ಕಟ್’ ಎಂಬ ಪೆಟ್ಟು ಕಾಲಡಿಯಿಂದ ಕೇಳಿಬಂದಿತು. ಒಂದು ವಾರದಲ್ಲಿ ಅವನು ಎಲ್ಲ ನಟ್ಟುಗಳನ್ನೂ ಎರಡೆರಡು ಸಲ ಬಿಗಿಮಾಡಿದನು, ಸದ್ದು ಹೋಗಲಿಲ್ಲ. ಎಡಗಡೆಯ ಲೋವರ್ ಆರ್ಮನ್ನೇ ಹೊಸದಾಗಿ ತರುವುದೆಂದು ಹಣ ಎಣಿಸಿಕೊಳ್ಳುತ್ತಿದ್ದಾಗ ನಾನು ಅವನನ್ನು ಸವಣೂರಿನ ಒಬ್ಬ ಹಿರಿಯ ಫಿಟರರ ಬಳಿಗೆ ಕರೆದುಕೊಂಡುಹೋದೆನು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಕನ್ನಡದೊಡನೆ ಉರ್ದೂ ಬೆರೆತಿರುವುದರಿಂದ, ಗ್ಯಾರೇಜಿನ ಗುರುವನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ.

“ಹೊಸಾ ಸಾಮಾನ ಆಮ್ಯಾಲೆ ನೋಡೂಣು. ಮೊದಲ ಸದ್ದು ತೋರ್ಸು ತಮ್ಮಾ,” ಎಂದರು ಅವರು. ಆಮೇಲೆ, “ಕಡೀಕ ಎಲ್ಲೆಲ್ಲಿ ಕೈ ಹಚ್ಚೀದಿ?”

“ಶಾಕಪ್ಸು, ಲಿಂಕ್ ರಾಡು ರೀ ಉಸ್ತಾದ್ರ. ಬಿಚ್ಚಾಕ ಸಸಾರ ಆಗ್ಲೆಂತ ಆರ್ಮಿನ ಬೋಲ್ಟೂ ಸಡ್ಲ ಮಾಡಿದ್ದೆ.”

ಈ ಎರಡು ಮಾತುಗಳಲ್ಲಿಯೇ ಅವರ ಶಾಸ್ತ್ರದ ಸಾರವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ರಿಪೇರಿಯ ಬೆನ್ನಿಗೇ ಹುಟ್ಟಿದ ಸದ್ದು ಬಹುಮಟ್ಟಿಗೆ ರಿಪೇರಿಯಲ್ಲಿ ಕೈತಾಗಿದ ಜಾಗದಲ್ಲಿಯೇ ಇರುತ್ತದೆ. ಮತ್ತು ಬೇಕೆಂದಾಗ ಬರಿಸಿ ಬೇಡವೆಂದಾಗ ನಿಲ್ಲಿಸಲು ಬಾರದ ಸದ್ದಿನ ಕಾರಣವನ್ನು ಯಾರೂ ನಿಶ್ಚಯಿಸಲಾರರು. ಆದುದರಿಂದ ಅವರು ಮೊದಲು ಮಾಡಿದ ಕೆಲಸವೆಂದರೆ, ಬೇರೆ ಸದ್ದು ಬೆರೆಯದಂತೆ ಡಿಕ್ಕಿಯನ್ನು ತೆರೆದು ಜಾಕು, ಸ್ಟೆಪ್ನಿ, ಪಾನಾಗಳ ಚೀಲ, ಎಲ್ಲವನ್ನೂ ಹೊರಗಿನ ಕಲ್ಲಿನ ಮೇಲೆ ಇರಿಸಿದ್ದು. ಗಾಲಿಯ ನಟ್ಟುಗಳನ್ನು ಮುಟ್ಟಿ ನೋಡಿದ್ದು ಎರಡನೆಯದು.

ಅನಂತರ ಕಾರನ್ನು ತಾವೇ ನಡೆಸಿದರು. ಹುಡುಗ ಚೇಲಾನೊಬ್ಬನು ಪಕ್ಕದಲ್ಲಿ, ನಾವಿಬ್ಬರು ಹಿಂದೆ. ರಸ್ತೆಯುಬ್ಬನ್ನು ಎರಡೂ ಗಾಲಿಗಳು ಒಮ್ಮೆಗೇ ಏರುವಂತೆ ನೇರವಾಗಿ ದಾಟಿದರು, ಸದ್ದಿಲ್ಲ. ಒಂದೇ ಗಾಲಿಯನ್ನು ಗುಂಡಿಗಿಳಿಸಿದರು; ‘ಕಟ್’ ಎಂದಿತು. ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು ಮತ್ತೆ ಇಳಿಸಿದರು. ಸದ್ದು ಹಾಗೆಯೇ ಇತ್ತು. ಬ್ರೇಕು ಹಿಡಿದಾಗ ಸದ್ದು ಅಡಗಿದ್ದರೆ ಕ್ಯಾಲಿಪರಿನಲ್ಲಿಯೋ ಪ್ಯಾಡಿನಲ್ಲಿಯೋ ಸಡಿಲವಿದೆಯೆಂದರ್ಥ. ನಿಂತಲ್ಲಿಯೇ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುವಾಗ ಸ್ಪ್ರಿಂಗು ತಂತಿ ಮೀಟಿದಂತೆ ‘ಟಣ್’ ಎಂದರೆ ಅದರ ತುದಿ ತನ್ನ ಗೂಡಿನಲ್ಲಿ ಕೂತಿಲ್ಲ, ಅಥವಾ ಮೇಲಿನ ಬೇರಿಂಗು ಹಿಡಿದುಕೊಂಡಿದೆ. ಬ್ರೇಕು ಹಾಕುವಾಗಲೂ ಹೊರಡುವಾಗಲೂ ಒಂದೊಂದು ಪೆಟ್ಟು ಕೇಳಿದರೆ ಆರ್ಮಿನ ಬುಷ್ಷನ್ನೋ ಬಾಲ್ ಜಾಯಿಂಟನ್ನೋ ಸಂಶಯಿಸಬೇಕು. ಬಾಲ್ ಜಾಯಿಂಟು ಸವೆದಿರುವ ಗಾಡಿಯನ್ನು ನಾಳೆ ನೋಡೋಣವೆಂದು ಓಡಿಸುವುದು ಜೀವಕ್ಕೆ ಅಪಾಯ, ಏಕೆಂದರೆ ಅದು ಕಳಚಿದರೆ ಗಾಲಿ ಅಲ್ಲಿಯೇ ಮುರಿದು ಮಲಗುತ್ತದೆ.

ಎರಡು ಗಾಲಿಗಳು ಒಟ್ಟಿಗೆ ಏರಿದಾಗ ಮೌನವಾಗಿದ್ದು, ಒಂದು ಏರಿ ಒಂದು ಇಳಿದಾಗ ಸದ್ದು ಮಾಡುವುದು ಲಿಂಕ್ ರಾಡಿನ ಪ್ರಸಿದ್ಧ ಲಕ್ಷಣ. ಎಡಬಲ ಗಾಲಿಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರು ತಿರುಚಿಕೊಳ್ಳುವುದು ಅವುಗಳ ಚಲನೆಯಲ್ಲಿ ವ್ಯತ್ಯಾಸವಿದ್ದಾಗ ಮಾತ್ರವಷ್ಟೆ. ನನ್ನ ಅಳಿಯನು ಸಂತೋಷದಿಂದ, ಹಾಗಾದರೆ ಲಿಂಕೇ ಕೆಟ್ಟಿದೆಯೆಂದನು. ಉಸ್ತಾದರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಎರಡೂ ಲಿಂಕುಗಳನ್ನು ಬಿಚ್ಚಿಸಿ, ಬಾರನ್ನು ತೊಡಕದಂತೆ ಕಟ್ಟಿಸಿ, ಅದೇ ಗುಂಡಿಯಲ್ಲಿ ನಿಧಾನವಾಗಿ ಮತ್ತೆ ಇಳಿಸಿದರು. ಸದ್ದು ಉಳಿಯಿತು. ಅಂದಮೇಲೆ ಲಿಂಕು ನಿರ್ದೋಷಿ. ಆಗ ಹುಡುಗ ಚೇಲಾನೇ ಹೇಳಿದನು: ಗಾಲಿ ಏರುವಾಗಲ್ಲ, ಕೆಳಗೆ ಜಾರುವಾಗ ಬರುತ್ತಿದೆ. ನಾವು ಮೂರು ಸಲ ಕೇಳಿಯೂ ಗಮನಿಸದೆ ಬಿಟ್ಟ ಭೇದವದು.

ಗ್ಯಾರೇಜಿಗೆ ಮರಳಿದ ಮೇಲೆ ಬಾನೆಟ್ಟನ್ನು ಎತ್ತಿ, ಶಾಕ್ ಅಬ್ಸಾರ್ಬರು ಕೂತ ಸ್ಟ್ರಟ್ಟಿನ ನೆತ್ತಿಯ ಮೇಲಿನ ರಬ್ಬರು ಟೋಪಿಯನ್ನು ತೆಗೆದು, ಒಬ್ಬನು ಮಡ್ಗಾರ್ಡನ್ನು ಒತ್ತಿ ಒತ್ತಿ ಬಿಡುತ್ತಿರಲು ಉಸ್ತಾದರು ನಡುವಿನ ನಟ್ಟಿನ ಮೇಲೆ ಬೆರಳಿಟ್ಟರು. ಎಡಗಡೆಯದು ಸ್ಥಿರವಾಗಿತ್ತು. ಬಲಗಡೆಯದು ಬೆರಳಿನ ಕೆಳಗೆ ನಾಡಿಯಂತೆ ಮಿಡಿಯಿತು. ಒಂದು ವಾರ ಕಾಲ ಎಡಗಡೆಯಿಂದಲೇ ಬರುತ್ತಿದೆಯೆಂದು ನಾವು ಪ್ರಮಾಣಮಾಡುತ್ತಿದ್ದ ಸದ್ದು ಬಲಗಡೆಯದಾಗಿತ್ತು. ಕಾರಿನ ತಗಡಿನ ಮೈ ಒಂದೇ ಅಖಂಡ ಪೆಟ್ಟಿಗೆಯಾದುದರಿಂದ ಪೆಟ್ಟು ಒಂದೆಡೆ ಬಿದ್ದರೆ ದನಿ ಇನ್ನೊಂದೆಡೆ ಏಳುವುದು ಅಪರೂಪವಲ್ಲ. ಆ ನಟ್ಟನ್ನು ಬಿಗಿಮಾಡುವಾಗ ಶಾಕಿನ ದಂಡವೂ ಜೊತೆಗೇ ತಿರುಗುತ್ತದೆ. ಆದುದರಿಂದ ದಂಡದ ತುದಿಯನ್ನು ಅಲೆನ್ ಕೀಲಿಯಿಂದ ಹಿಡಿದುಕೊಂಡೇ ಪಾನಾ ತಿರುಗಿಸಬೇಕು. ಅಳಿಯನು ಹಿಡಿದಿರಲಿಲ್ಲ. ಅವನ ಕೈಗೆ ಬಿಗಿಯಾಗಿ ತೋರಿದ್ದು ದಂಡದ ಬಿಗುವೇ ಹೊರತು ನಟ್ಟಿನದಲ್ಲ.

ನಟ್ಟನ್ನು ಸರಿಯಾಗಿ ಬಿಗಿದ ಮೇಲೂ, ಸದ್ದು ಸಿಕ್ಕಿತೆಂದು ಉಸ್ತಾದರು ಕೆಲಸವನ್ನು ಅಲ್ಲಿಗೆ ಮುಗಿಸಲಿಲ್ಲ. ಆರ್ಮಿನ ಬೋಲ್ಟನ್ನು ಮುಟ್ಟಿದ್ದೆಯಲ್ಲ, ಅದನ್ನು ಮತ್ತೆ ಬಿಗಿದದ್ದು ಗಾಲಿ ನೇತಾಡುತ್ತಿದ್ದಾಗಲೋ ನೆಲದ ಮೇಲಿದ್ದಾಗಲೋ ಎಂದು ಕೇಳಿದರು. ಜಾಕಿನ ಮೇಲಿದ್ದಾಗ ಎಂದನು ಅಳಿಯ. ಮನೆಯಲ್ಲಿ ರಿಪೇರಿ ಮಾಡುವವರು ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರ್ಮಿನ ಬುಷ್ಷು ಬಾಗಿಲ ತಿರುಗಣಿಯಂತೆ ಜಾರಿ ತಿರುಗುವ ವಸ್ತುವಲ್ಲ. ಒಳಗೊಂದು ಹೊರಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಬೋಲ್ಟು ಒಳಗೊಳವೆಯನ್ನು ಗಟ್ಟಿಯಾಗಿ ಕಚ್ಚಿಕೊಂಡ ಮೇಲೆ ಆರ್ಮು ಮೇಲೆ ಕೆಳಗೆ ಆಡುವುದೆಲ್ಲ ಆ ರಬ್ಬರಿನ ತಿರುಚುವಿಕೆಯಿಂದಲೇ. ಗಾಲಿ ನೇತಾಡುತ್ತಿದ್ದಾಗ ಬಿಗಿದರೆ ನೇತಾಡುವ ಭಂಗಿಯೇ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರು ನೆಲಕ್ಕಿಳಿದು ಸುಮ್ಮನೆ ನಿಂತಾಗಲೂ ಅದು ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿದುಹೋಗುತ್ತದೆ. ಆಗ ಹುಟ್ಟುವ ಸದ್ದಿಗೆ ಯಜಮಾನನು ದೂರುವುದು ಬಡ ರಬ್ಬರನ್ನು. ಉಸ್ತಾದರು ಕಾರನ್ನು, ಅಡಿಯಲ್ಲಿ ಕೆಲಸಮಾಡಲು ತೋಡಿದ ಹಳ್ಳದ ಮೇಲೆ ನಾಲ್ಕೂ ಗಾಲಿಗಳು ನೆಲಕ್ಕೂರುವಂತೆ ನಿಲ್ಲಿಸಿ, ಆ ಬೋಲ್ಟುಗಳನ್ನು ಸಡಿಲಿಸಿ, ಮೈಯನ್ನು ಎರಡು ಸಲ ಒತ್ತಿ ಕೂರಿಸಿ, ಆಮೇಲೆ ಟಾರ್ಕ್ ಪಾನಾದಿಂದ ಬಿಗಿದರು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಮ್ಮ ಚೇಲಾಗಳು ಎಂದೂ ನುಸುಳಕೂಡದೆಂಬುದು ಅವರ ಮತ್ತೊಂದು ಕಟ್ಟಳೆ.

ಈ ಚೇಲಾಗಳದೇ ಒಂದು ಗುರುಕುಲ. ಮೊದಲ ವರ್ಷಗಳಲ್ಲಿ ಪಾನಾ ಒರೆಸಿಕೊಡುವುದು, ನಂಬರು ಕೇಳಿದೊಡನೆ ಸರಿಯಾದದ್ದನ್ನು ಕೈಗಿಡುವುದು, ಉಸ್ತಾದರು ಗಾಡಿ ನಡೆಸುವಾಗ ಪಕ್ಕದಲ್ಲಿ ಕುಳಿತು ಕೇಳುವುದು. ಬಿಚ್ಚುವ ಅಧಿಕಾರ ಬರುವುದು ಆಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನಿನ ಮೈಗೂ ಹಿಡಿಯನ್ನು ಕಿವಿಗೂ ಆನಿಸಿ ಬೇರಿಂಗಿನ ಸವೆತವನ್ನು ಕೇಳುವ ಹುಡುಗನನ್ನು ಅಲ್ಲಿ ನೋಡಿದಾಗ, 1761ರಲ್ಲಿ ರೋಗಿಯ ಎದೆಯನ್ನು ಬೆರಳಿನಿಂದ ಬಡಿದು ಕಾಯಿಲೆಯನ್ನು ಗುರುತಿಸುವ ಕ್ರಮವನ್ನು ಪ್ರಕಟಿಸಿದ ಆಸ್ಟ್ರಿಯದ ವೈದ್ಯ ಔಎನ್‌ಬ್ರುಗ್ಗರನು ನನ್ನ ಮನಸ್ಸಿಗೆ ಬಂದನು. ಅವನು ವಸತಿಗೃಹದ ಒಡೆಯನ ಮಗ. ಪೀಪಾಯಿಯನ್ನು ಬಡಿದು ಮದ್ಯದ ಮಟ್ಟವನ್ನು ತಿಳಿಯುವುದು ಅವನು ಬಾಲ್ಯದಲ್ಲಿ ಕಂಡ ಮಾತು. ವೈದ್ಯಶಾಸ್ತ್ರವು ಪೀಪಾಯಿಯಿಂದ ಪಾಠ ಕಲಿತದ್ದನ್ನು ಗೌರವದಿಂದ ಬರೆದಿಟ್ಟುಕೊಂಡಿದೆ. ನಮ್ಮ ತಾಲೂಕುಗಳ ಈ ಕಿವಿಗಳು ಅರಿತದ್ದನ್ನು ಯಾರೂ ಬರೆದಿಟ್ಟಿಲ್ಲವೆಂಬ ವ್ಯಥೆ ನನಗಿದೆ.

ಸಂಜೆ ಹೊರಟೆವು. ಹೊಸ ಸಾಮಾನೊಂದೂ ಬೇಕಾಗಿರಲಿಲ್ಲ. ವರದಾ ಹೊಳೆಯ ಬಯಲಿನಲ್ಲಿ ಬೆಳಕು ಇಳಿಯುತ್ತಿರಲು ಅಳಿಯನು ಒಂದು ದೊಡ್ಡ ಗುಂಡಿಗೆ ಬೇಕೆಂದೇ ಬಲಗಾಲಿಯನ್ನು ಇಳಿಸಿದನು. ಮುಂದಿನಿಂದ ಏನೂ ಕೇಳಲಿಲ್ಲ. ಹಿಂದಿನಿಂದ ಮಾತ್ರ ‘ಕಣ್’ ಎಂದಿತು. ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದುಹೋಗಿ ಡಿಕ್ಕಿಯನ್ನು ತೆರೆದು, ಜಾಕನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಸ್ಟೆಪ್ನಿಯ ಮಗ್ಗುಲಿಗೆ ಒತ್ತಿ ಇರಿಸಿ ಬಂದನು.