ನಿಮಗಿದು ಗೊತ್ತೆ? ಸಾಕ್ಷ್ಯ ಕರಗಿತು, ಸಾಲ ಕರಗಲಿಲ್ಲ

ಡೆನ್ಮಾರ್ಕಿನ ನಿಕೊಲಾಸ್ ವಿಂಡಿಂಗ್ ರೆಫ್ನ್ ನಿರ್ದೇಶನದ ಮೊದಲ ಚಿತ್ರ 1996ರ ‘ಪುಷರ್’. ಕೋಪನ್‌ಹೇಗನ್ನಿನ ಫ್ರಾಂಕ್ ಹೆರಾಯಿನ್ ಮಾರುವವನು, ಸರಕು ತರುವುದು ಸಾಲದ ಮೇಲೆ. ಪೊಲೀಸರು ಬೆನ್ನಟ್ಟಿದಾಗ ಕೆರೆಗೆ ಬಿದ್ದು ಅಷ್ಟೂ ಪುಡಿಯನ್ನು ನೀರುಪಾಲು ಮಾಡುತ್ತಾನೆ. ಸಾಲ ಮಾತ್ರ ಹಾಗೇ ಉಳಿಯುತ್ತದೆ. ಮುಂದಿನದು ಒಂದೇ ವಾರದ ಪರದಾಟ. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಕತೆ ಸಾಗುವ ಕ್ರಮದಲ್ಲೇ ಚಿತ್ರೀಕರಿಸಿದ್ದರಿಂದ ಆ ದಿಗಿಲು ನೋಡುವವರಿಗೂ ತಟ್ಟುತ್ತದೆ. ನಟ ಮ್ಯಾಡ್ಸ್ ಮಿಕೆಲ್ಸನ್‌ಗೆ ಇದೇ ಮೊದಲ ಪೂರ್ಣಪ್ರಮಾಣದ ಚಿತ್ರ.

2003ರ ‘ಫಿಯರ್ ಎಕ್ಸ್’ ನೆಲಕಚ್ಚಿ ರೆಫ್ನ್ ಅವರೇ ಸಾಲಗಾರರಾದರು. ಅದನ್ನು ತೀರಿಸಲೆಂದೇ 2004, 2005ರಲ್ಲಿ ‘ಪುಷರ್’ನ ಮುಂದಿನ ಭಾಗಗಳು ಬಂದವು!

ಅಮಲಿನ ಕತೆಯಾಗಿ ಕನ್ನಡದಲ್ಲಿ ‘ಪುಷರ್’ಗೆ ಹತ್ತಿರದ್ದು ಪವನ್ ಕುಮಾರ್ ಅವರ ‘ಲೂಸಿಯಾ’ (2013). ಜನರಿಂದಲೇ ಹಣ ಕೂಡಿಸಿ ತೆಗೆದ ಚಿತ್ರ. ಟಾಕೀಸಿನಲ್ಲಿ ಟಾರ್ಚ್ ಬಿಡುವ, ನಿದ್ದೆ ಬಾರದ ಹುಡುಗ ಕನಸಿನ ಮಾತ್ರೆಗೆ ಅಂಟಿಕೊಳ್ಳುವ ಕತೆ.

ಇನ್ನು ತೆರೆಯ ಹೊರಗಿನ ಚಟದ ಮಾತು: ನಂಜನಗೂಡು, ತಿ. ನರಸೀಪುರದ ಕಡೆ ದಿನಗೂಲಿಯನ್ನು ನುಂಗುತ್ತಿದ್ದುದು ಸಾರಾಯಿ ಪ್ಯಾಕೆಟ್. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಕಡೆ ಹೊರಳಿತು. ಬಿಡಬೇಕೆನ್ನುವವರು, ಅವರ ಮನೆಯವರು ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.