ಬೆಳಕು ತಾಗಿದ ಅಣುವಿನ ಲೆಕ್ಕ

ಬೆಳಕು ತಾಗಿದ ಮೇಲೆ ಅಣುವಿನೊಳಗಿನ ಪರಮಾಣುಗಳು ಎತ್ತ, ಎಷ್ಟು ಬೇಗ ಸರಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ ಹೇಳುವುದು ಅಣುಗಳ ಕ್ವಾಂಟಮ್ ಚಲನಶಾಸ್ತ್ರದ ಕೆಲಸ. ಇದರ ಬುನಾದಿ ಬಿದ್ದದ್ದು 1927ರಲ್ಲಿ. ನ್ಯೂಕ್ಲಿಯಸ್‌ಗಳಲ್ಲೆಲ್ಲ ಹಗುರವಾದ ಪ್ರೋಟಾನ್ ಕೂಡ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಅದು ತುಸು ಅಲುಗುವಷ್ಟರಲ್ಲಿ ಎಲೆಕ್ಟ್ರಾನುಗಳು ಹೊಸ ಸ್ಥಿತಿಗೆ ಹೊಂದಿಕೊಂಡಾಗಿರುತ್ತದೆ. ಆದ್ದರಿಂದ ಎರಡರ ಲೆಕ್ಕವನ್ನೂ ಬೇರೆ ಬೇರೆಯಾಗಿ ಮಾಡಬಹುದೆಂದು ಮ್ಯಾಕ್ಸ್ ಬಾರ್ನ್ ಮತ್ತು ರಾಬರ್ಟ್ ಓಪನ್‌ಹೈಮರ್ ತೋರಿಸಿದರು. ಅಣುಬಾಂಬಿನೊಂದಿಗೇ ನೆನಪಾಗುವ ಓಪನ್‌ಹೈಮರ್‌ಗೆ ಆಗ 23 ವರ್ಷ.

ಎಲೆಕ್ಟ್ರಾನುಗಳ ಲೆಕ್ಕದಿಂದ ಸಿಗುವುದು ಬೆಟ್ಟ ಕಣಿವೆಗಳಂಥ ಶಕ್ತಿಯ ನಕ್ಷೆ. ಸ್ಥಿರವಾದ ಅಣು ಕಣಿವೆಯಲ್ಲಿರುತ್ತದೆ. ರಾಸಾಯನಿಕ ಕ್ರಿಯೆಯೆಂದರೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವುದು. ಹೈಡ್ರೋಜನ್‌ನ ಮೂರು ಪರಮಾಣುಗಳಿಗೆ ಇಂಥ ನಕ್ಷೆಯನ್ನು ಹೆನ್ರಿ ಐರಿಂಗ್ ಮತ್ತು ಮೈಕೆಲ್ ಪೊಲಾನಿ 1931ರಲ್ಲಿ ಬರೆದರು.

ಬೆಳಕನ್ನು ಹೀರಿದ ಅಣು ಮೇಲಿರುವ ಮತ್ತೊಂದು ನಕ್ಷೆಗೆ ಏರುತ್ತದೆ. ಎರಡು ನಕ್ಷೆಗಳು ಕೂಡುವ ಜಾಗದಲ್ಲಿ ಬಾರ್ನ್–ಓಪನ್‌ಹೈಮರ್ ಲೆಕ್ಕ ಕೈಕೊಡುತ್ತದೆ. ದ್ಯುತಿರಸಾಯನದ ನಿಜವಾದ ಸ್ವಾರಸ್ಯ ಇರುವುದೇ ಅಲ್ಲಿ. ಆ ಸಂಧಿಯ ಮೂಲಕ ಅಣು ಬೆಳಕು ಸೂಸದೆಯೇ ಥಟ್ಟನೆ ಕೆಳಗಿಳಿಯಬಲ್ಲದೆಂದು ಎಡ್ವರ್ಡ್ ಟೆಲ್ಲರ್ 1937ರಲ್ಲೇ ಬರೆದಿದ್ದರೂ ಅದನ್ನು ಅಳೆಯುವ ಸಾಧನ ಆಗ ಇರಲಿಲ್ಲ.

ಎರಿಕ್ ಹೆಲ್ಲರ್ 1975ರಲ್ಲಿ ಅಣುವಿನ ಚಲನೆಯನ್ನು ನಕ್ಷೆಯ ಮೇಲೆ ಸಾಗುವ ತರಂಗಗುಚ್ಛವಾಗಿ ಲೆಕ್ಕ ಹಾಕುವ ಸರಳ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಫೆಮ್ಟೊಸೆಕೆಂಡ್ ಲೇಸರ್‌ಗಳು ಬಂದವು. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಅಹ್ಮದ್ ಜುವೈಲ್ ತಂಡ ಸೋಡಿಯಂ ಅಯೋಡೈಡ್ ಅಣುವಿಗೆ ಒಂದು ಮಿಂಚು ಹೊಡೆದು, ಮತ್ತೊಂದರಿಂದ ಅದರ ಗತಿಯನ್ನು ಗುರುತಿಸಿತು. ಸೋಡಿಯಂ, ಅಯೋಡಿನ್ ದೂರ ಸರಿದು, ನಕ್ಷೆಗಳು ಸಂಧಿಸುವಲ್ಲಿಗೆ ಹೋಗಿ, ಮತ್ತೆ ಹತ್ತಿರ ಬರುತ್ತಿದ್ದವು. ಸುತ್ತೊಂದಕ್ಕೆ ಸಾವಿರಕ್ಕೂ ತುಸು ಹೆಚ್ಚು ಫೆಮ್ಟೊಸೆಕೆಂಡ್. ಪ್ರತಿ ಸಲವೂ ಸುಮಾರು ಹತ್ತರಲ್ಲೊಂದು ಪಾಲು ಅಣುಗಳು ಒಡೆದು ಹೋಗುತ್ತಿದ್ದವು. ಲಾಂಡೌ ಮತ್ತು ಝೀನರ್ 1932ರಲ್ಲಿ ಕೊಟ್ಟ ಸೂತ್ರ ಇಂಥ ಸೋರಿಕೆಗೇ ಸಂಬಂಧಿಸಿದ್ದು. ಜುವೈಲ್‌ಗೆ 1999ರ ನೊಬೆಲ್ ಸಂದಿತು.

ದೊಡ್ಡ ಅಣುಗಳ ಲೆಕ್ಕ ಮಾತ್ರ ಕಂಪ್ಯೂಟರಿಗೂ ನಿಲುಕದು. ಪೈರಜೀನ್‌ನಲ್ಲಿರುವುದು 10 ಪರಮಾಣು, 24 ಬಗೆಯ ಕಂಪನ. ಪ್ರತಿ ಕಂಪನಕ್ಕೆ ಹತ್ತೇ ಬಿಂದು ಹಿಡಿದರೂ ಒಂದರ ಮುಂದೆ 24 ಸೊನ್ನೆಗಳಷ್ಟು ಸಂಖ್ಯೆಗಳು ಬೇಕು. ಹೈಡೆಲ್‌ಬರ್ಗ್‌ನ ಮೇಯರ್, ಮಾಂಥೆ, ಸೆಡರ್‌ಬಾಮ್ 1990ರಲ್ಲಿ ರೂಪಿಸಿದ ವಿಧಾನ ಈ ಹೊರೆಯನ್ನು ಬಹಳ ಇಳಿಸಿತು. 1999ರ ಹೊತ್ತಿಗೆ ಪೈರಜೀನ್‌ನ 24 ಕಂಪನಗಳೂ ಲೆಕ್ಕಕ್ಕೆ ಸಿಕ್ಕವು.

ಕಣ್ಣಿನ ರೊಡಾಪ್ಸಿನ್‌ನಲ್ಲಿರುವ ರೆಟಿನಾಲ್ ಬೆಳಕು ತಾಗಿದ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ತಿರುಚಿಕೊಳ್ಳುತ್ತದೆ. ನೋಟ ಶುರುವಾಗುವುದೇ ಅದರಿಂದ. ಅಲ್ಲಿಯೂ ಟೆಲ್ಲರ್ ಹೇಳಿದಂಥ ಸಂಧಿಯೇ ಕೆಲಸ ಮಾಡುತ್ತದೆ ಎಂಬುದಕ್ಕೆ ಲೇಸರ್ ಪ್ರಯೋಗ ಮತ್ತು ಲೆಕ್ಕ ಎರಡರ ಪುರಾವೆಯೂ 2010ರಲ್ಲಿ ಒಟ್ಟಿಗೇ ಪ್ರಕಟವಾಯಿತು.