ತಿಮರೆಯೂ ಮರೆವೂ

ಗುತ್ತಿಗಾರಿನ ಅಡಕೆತೋಟಗಳಲ್ಲಿ ಮಳೆ ಹಿಂಜರಿದ ಮೇಲೆ ಕಣಿಯ ಅಂಚನ್ನು ಹಿಡಿದು ನಡೆಯುವವರಿಗೆ, ಒದ್ದೆ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರುಬಿಟ್ಟು, ನೀಳವಾದ ತೊಟ್ಟಿಗೆ ಒಂದೊಂದರಂತೆ ದುಂಡನೆಯ ಎಲೆಗಳನ್ನೆತ್ತಿ ನಿಂತ ಬಳ್ಳಿಯೊಂದು ಕಾಲಬುಡದಲ್ಲಿಯೇ ಕಾಣಸಿಗುವುದು. ತುಳುವರಿಗೆ ಇದು ತಿಮರೆ, ಘಟ್ಟದ ಮೇಲಿನವರಿಗೆ ಒಂದೆಲಗ, ಸಂಸ್ಕೃತ ವೈದ್ಯಗ್ರಂಥಗಳಿಗೆ ಮಂಡೂಕಪರ್ಣಿ. ಮಣ್ಣು ಬಿಡುವಂತೆ ತೊಳೆದು, ತೆಂಗಿನತುರಿ, ಜೀರಿಗೆ, ಕಾಳುಮೆಣಸುಗಳೊಡನೆ ನುಣ್ಣಗೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಬುದ್ಧಿ ಚುರುಕಾಗಲೆಂದು ಅಜ್ಜಿ ಮೊಮ್ಮಕ್ಕಳಿಗೆ ಬಡಿಸುತ್ತಿದ್ದ ಈ ಹಸುರು ತಂಬುಳಿಯು, ಅದೇ ಅಜ್ಜಿ ಮೊಮ್ಮಕ್ಕಳ ಹೆಸರನ್ನೇ ಮರೆತ ದಿನ ಅವಳ ಕೈ ಹಿಡಿದೀತೆ?

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ವಿವರಿಸಿದ, ಅವರ ಹೆಸರನ್ನೇ ಹೊತ್ತ ವ್ಯಾಧಿಯು ಮುಪ್ಪಿನ ಸಹಜವಾದ ಮರೆವಲ್ಲ. ಮೆದುಳಿನ ಜೀವಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟಿ, ಒಳಗೆ ಟಾವ್ ಎಂಬ ಇನ್ನೊಂದು ಸಿಕ್ಕುಗಟ್ಟಿ, ಸ್ಮೃತಿಗೆ ಆಧಾರವಾದ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಕ್ಷೀಣಿಸುತ್ತ ಹೋಗುವುದು. ಈ ದ್ರವ್ಯವು ಬೇಗನೆ ನಾಶವಾಗದಂತೆ ತಡೆಯುವ ಗ್ಯಾಲಂಟಮೀನ್ ಎಂಬ ಔಷಧವು ಮೊದಲು ದೊರೆತುದು ಸ್ನೋಡ್ರಾಪ್ ಎಂಬ ಶೀತದೇಶದ ಗಡ್ಡೆಗಿಡದಿಂದ. ಅಮೆರಿಕದಲ್ಲಿ ಈ ರೋಗಕ್ಕೆ ಅದು ಅಂಗೀಕೃತವಾದುದು 2001ರಲ್ಲಿ. ಅದೂ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡುವುದೇ ಹೊರತು ರೋಗವನ್ನು ನಿರ್ಮೂಲ ಮಾಡುವುದಿಲ್ಲ.

ನಮ್ಮ ತಿಮರೆಯಾದರೋ ಗಿಡದಿಂದ ಔಷಧವಾಗುವ ಆ ದಾರಿಯ ನಡುವೆ ಇನ್ನೂ ಇದೆ. ಚರಕಸಂಹಿತೆಯು ಹೇಳುವ ನಾಲ್ಕು ಮೇಧ್ಯ (ಬುದ್ಧಿವರ್ಧಕ) ರಸಾಯನಗಳಲ್ಲಿ ಮಂಡೂಕಪರ್ಣಿಯ ಸ್ವರಸವೇ ಮೊದಲನೆಯದು. ನಮ್ಮದೇ ಕರಾವಳಿಯ ಮಣಿಪಾಲದಲ್ಲಿ ವಿಜ್ಞಾನಿಗಳು ತಾಜಾ ಎಲೆಯ ರಸವನ್ನು ಇಲಿಮರಿಗಳಿಗೆ ಕುಡಿಸಿ ನೋಡಿದಾಗ, ಹೆಚ್ಚಿನ ಪ್ರಮಾಣದಲ್ಲಿ 4 ಮತ್ತು 6 ವಾರ ಕುಡಿದವುಗಳ ಮೆದುಳಿನ ನರಕೋಶಗಳ ಕವಲುಗಳು ಉದ್ದವಾಗಿಯೂ ದಟ್ಟವಾಗಿಯೂ ಬೆಳೆದಿದ್ದವು. ಸಂತೋಷದ ಸಂಗತಿಯೇ ಸರಿ. ಆದರೆ ಅವು ಬೆಳೆಯುವ, ಆರೋಗ್ಯವಂತ ಮರಿಗಳೆಂಬುದನ್ನು ಮರೆಯಲಾಗದು. ಅಶ್ವಗಂಧದ ಕಥೆಯೂ ಹೀಗೆಯೇ. ವಿಜ್ಞಾನಿ ವಿಜಯಲಕ್ಷ್ಮೀ ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರಿನ ಸಾರವನ್ನುಂಡ ಇಲಿಗಳ ಮೆದುಳಿನಲ್ಲಿ ಅಮಿಲಾಯ್ಡ್ ಕಡಮೆಯಾಯಿತು. ಅದಕ್ಕೆ ಕಾರಣವಾದ ಬದಲಾವಣೆ ನಡೆದುದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ ಎಂಬುದು ಅದರ ವಿಶೇಷ. ಇಲಿಯಿಂದ ಮನುಷ್ಯನವರೆಗಿನ ದೂರ ಮಾತ್ರ ದೊಡ್ಡದು. ಅಮಿಲಾಯ್ಡನ್ನು ಇಲಿಗಳಲ್ಲಿ ಕರಗಿಸಿದ ಎಷ್ಟೋ ದ್ರವ್ಯಗಳು ಮನುಷ್ಯರಲ್ಲಿ ಸೋತಿರುವುವು.

ಹೆಸರಿನ ಗೊಂದಲವೂ ಅಲ್ಪವಲ್ಲ. ಬ್ರಾಹ್ಮಿ ಎಂಬ ಒಂದೇ ಹೆಸರಿನಲ್ಲಿ ಕೆಲವರು ತಿಮರೆಯನ್ನೂ, ಕೆಲವರು ಸಣ್ಣ ದಪ್ಪನೆಯ ಎಲೆಯ ನೀರುಬ್ರಾಹ್ಮಿಯನ್ನೂ ಕೊಡುವರು. ಎರಡೂ ಬೇರೆಬೇರೆ ಕುಲದ ಗಿಡಗಳು, ಒಳಗಿನ ಸತ್ತ್ವಗಳೂ ಬೇರೆ. ಒಂದರ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇನ್ನೊಂದಕ್ಕೆ ಆರೋಪಿಸುವುದು ತಪ್ಪು.

ತಂಬುಳಿಯನ್ನು ಬಿಡಬೇಕಾದುದಿಲ್ಲ, ಊಟದ ಎಲೆಯಲ್ಲಿ ಅದರ ಸ್ಥಾನ ಭದ್ರವಾಗಿಯೇ ಇರಲಿ. ಆದರೆ ಮನೆಯ ಹಿರಿಯರು ಪರಿಚಿತವಾದ ತೋಟದಲ್ಲಿಯೇ ದಾರಿ ತಪ್ಪತೊಡಗಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರಿಗೆ ಕೊಡುತ್ತಿರುವ ಸೊಪ್ಪು, ಲೇಹ್ಯ, ಗುಳಿಗೆ ಯಾವುದೆಂಬುದನ್ನೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ.